ಹುರಿದ ಮರಳು

ಮರಳಿನ ಚೀಲ ಹೊರಗಿನ ಒಲೆಯ ಪಕ್ಕ ಧೊಪ್ಪೆಂದು ಬಿದ್ದಾಗ ಮೂಕಾಂಬಿಕಾ ಬಾವಿಕಟ್ಟೆಯ ಹತ್ತಿರ ಕೂತು ಬಂಗುಡೆ ಕೊಯ್ಯುತ್ತಿದ್ದಳು. ತಿರುಗಿ ನೋಡಬೇಕಾಗಿರಲಿಲ್ಲ. ಚೀಲವನ್ನು ಹೀಗೆ ಎತ್ತಿ ಒಗೆಯುವವನು ಈ ಮನೆಯಲ್ಲಿ ಒಬ್ಬನೇ.

"ಇದೊಂದು ಹುರಿದು ಕೊಡು," ಎಂದ ನಿತ್ಯಾನಂದ. "ಊಟದ ಒಳಗೆ ಆದ್ರೆ ಸಾಕು."

"ಎಂತಕ್ಕೆ?"

"ಎಂತಕ್ಕೆ ಅಂದ್ರೆ? ಪೈಪ್ ಬಗ್ಗಿಸೂಕೆ."

"ಪೈಪ್ ಬಗ್ಗಿಸಿ ಆತಲ್ಲ?"

ಗಂಡ ಸೌದೆಯ ರಾಶಿಗೆ ಹೊದಿಸಿದ್ದ ಹಳದಿ ತಗಡಿನ ಕಡೆ ನೋಡಿದ, ಲುಂಗಿ ಎತ್ತಿ ಕಟ್ಟಿಕೊಂಡ. "ಸ್ವಲ್ಪ ಬದಲು ಮಾಡೂದದೆ," ಎಂದು ಗೊಣಗಿ ಮನೆಯ ಮುಂದಿನ ಅಂಗಡಿಗೆ ಹೋದ. ಏನನ್ನಾದರೂ ಮುಚ್ಚಿಟ್ಟು ನಡೆಯುವಾಗ ಅವನ ಕುತ್ತಿಗೆ ಹೆಗಲೊಳಗೆ ಇಳಿದುಹೋಗುತ್ತದೆ ಎಂಬುದು ಮದುವೆಯಾದ ವರ್ಷವೇ ಅವಳಿಗೆ ಗೊತ್ತಾಗಿತ್ತು.

ಶಿರಾಲಿಯ ಹೆದ್ದಾರಿ ಬದಿಯಲ್ಲಿ ನಿತ್ಯಾನಂದನದು ಗೇಟು, ಗ್ರಿಲ್ಲು, ಅಂಗಳದ ತಗಡಿನ ಮಾಡು ಮಾಡಿಕೊಡುವ ವೆಲ್ಡಿಂಗ್ ಅಂಗಡಿ. ಈ ಸಲದ ಮಳೆಗಾಲ ಮುಗಿದಾಗಿನಿಂದ ಅಂಗಡಿಯ ಅರ್ಧ ಜಾಗವನ್ನು ಒಂದು ಕಾರು ಹಿಡಿದುಕೊಂಡಿತ್ತು. ಅದನ್ನು ಕಾರು ಎನ್ನಲು ಧೈರ್ಯ ಬೇಕು. ಹಳೆಯ ಅಂಬಾಸಡರಿನ ಮಾಡು ಕತ್ತರಿಸಿ, ಬಾಗಿಲು ಕಿತ್ತು, ಬಾನೆಟ್ ತೆಗೆದು, ಮಂಗಳೂರಿನ ಗುಜರಿಯಿಂದ ತಂದ ದೊಡ್ಡ ಇಂಜಿನ್ ಕೂರಿಸಿ, ಹಿಂದೆ ಅಗಲದ ಚಕ್ರ ಹಾಕಿದ್ದರು. ಇಂಜಿನ್ನು ಹೊಟ್ಟೆ ಸೀಳಿದ ಮೀನಿನ ಹಾಗೆ ಹೋಗಿಬರುವವರಿಗೆಲ್ಲ ಕಾಣುತ್ತಿತ್ತು. ಭಾವನ ಮಗ ವಿನಾಯಕ ಮೊಬೈಲಿನಲ್ಲಿ ಹೊರದೇಶದ ವಿಡಿಯೋ ತೋರಿಸಿ, ಇದಕ್ಕೆ ಹಾಟ್ ರಾಡ್ ಅನ್ನುತ್ತಾರೆ ಎಂದಿದ್ದ. ಪಕ್ಕದ ಮನೆಯ ಹೊನ್ನಿ ಬೋಳುಗಾಡಿ ಎಂದಳು. ಆ ಹೆಸರೇ ನಿಂತಿತು. ಜನವರಿಯಲ್ಲಿ ಕುಮಟೆಯ ಹತ್ತಿರ ಕೊಯ್ಲಾದ ಗದ್ದೆಯಲ್ಲಿ ಮಣ್ಣಿನ ರೇಸು ನಡೆಯುವುದಿತ್ತು. ಗಾಡಿ ತಯಾರಾಗುತ್ತಿದ್ದುದು ಅದಕ್ಕೆ. ಅದನ್ನು ಓಡಿಸಬೇಕಾದವಳು ಮಗಳು ಅಂಕಿತಾ.

ಗಾಡಿ ಪಲ್ಟಿಯಾದರೂ ಒಳಗಿದ್ದವರ ತಲೆ ಉಳಿಯಲೆಂದು ಸೀಟಿನ ಸುತ್ತ ದಪ್ಪ ಪೈಪಿನ ಪಂಜರ ಇರಲೇಬೇಕೆಂಬುದು ರೇಸಿನವರ ನಿಯಮ. ಅಂಗಡಿಯಲ್ಲಿ ಪೈಪು ಬಗ್ಗಿಸುವ ಯಂತ್ರವಿರಲಿಲ್ಲ. ಪೈಪಿನೊಳಗೆ ಮರಳು ತುಂಬಿ, ಎರಡೂ ಬಾಯಿಗೆ ಮರದ ಬೆಣೆ ಹೊಡೆದು, ಗ್ಯಾಸಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಬೇಕು. ಮರಳಿಲ್ಲದಿದ್ದರೆ ತಿರುವಿನಲ್ಲಿ ಪೈಪು ಚಪ್ಪಟೆಯಾಗುತ್ತದೆ. ಮೊದಲ ಸಲ ಕಡಲತೀರದ ಮರಳನ್ನು ಹಾಗೆಯೇ ತುಂಬಿದ್ದರು. ಬಿಸಿಲಿಗೆ ಒಣಗಿದಂತೆ ಕಂಡರೂ ಉಪ್ಪಿನ ಮರಳು ಒಳಗೊಳಗೆ ತೇವ. ಪೈಪು ಕಾಯುತ್ತಲೇ ಬೆಣೆ ಗುಂಡಿನಂತೆ ಹಾರಿ ಬಚ್ಚಲಿನ ಹಂಚು ಒಡೆದು ಒಳಗೆ ಬಿತ್ತು. "ಯುದ್ಧ ಶುರುವಾತನಾ?" ಎಂದು ಹೊನ್ನಿ ಬೇಲಿಯಾಚೆಯಿಂದ ಕೂಗಿದ್ದಳು.

ಗಂಡಸರೆಲ್ಲ ಒಡೆದ ಹಂಚು ನೋಡುತ್ತ ನಿಂತಿದ್ದಾಗ ಮೂಕಾಂಬಿಕಾ ಅಟ್ಟದಿಂದ ತಾಯಿಯ ಕಬ್ಬಿಣದ ಬಾಣಲೆ ಇಳಿಸಿದ್ದಳು. ತಾಯಿ ಬಂಗಾರಿ ಭಟ್ಕಳದ ಟ್ಯಾಕ್ಸಿ ಸ್ಟ್ಯಾಂಡಿನ ಎದುರು ಅದೇ ಬಾಣಲೆಯಲ್ಲಿ ಮರಳು ಕಾಯಿಸಿ ಶೇಂಗಾ ಹುರಿದು ಮಾರುತ್ತಿದ್ದವಳು. ಮೂಕಾಂಬಿಕಾ ಮರಳನ್ನು ಬಾವಿಯ ನೀರಿನಲ್ಲಿ ತೊಳೆದಳು, ಹುರಿದಳು. ಮೊದಲು ಅದು ಗಂಟುಗಂಟಾಗಿ ಸೌಟಿಗೆ ಅಂಟುತ್ತದೆ. ಆಮೇಲೆ ಹಬೆ ಬಿಡುತ್ತದೆ. ಕೊನೆಗೆ ಸೌಟಿನಿಂದ ನೀರಿನ ಹಾಗೆ ಇಳಿಯುತ್ತದೆ; ಇಳಿಯುವ ಸದ್ದು ಕೇಳಿದರೆ ಸಾಕು, ಮುಟ್ಟಿ ನೋಡಬೇಕಿಲ್ಲ. ಆ ಪಂಜರದ ಒಂದೊಂದು ಬಾಗೂ ಅವಳು ಹುರಿದುಕೊಟ್ಟ ಮರಳಿನ ಮೇಲೆ ಬಾಗಿದ್ದು.

ಈಗ ಅದೇ ಮರಳು ಅಂಗಡಿಯ ಮೂಲೆಯಲ್ಲಿ ಬಿದ್ದು ಮತ್ತೆ ತೇವ ಕುಡಿದಿತ್ತು. ಮೀನಿಗೆ ಉಪ್ಪು ಹಚ್ಚಿ ಒಳಗಿಟ್ಟು, ಕೈ ತೊಳೆದು, ಒಲೆ ಹೊತ್ತಿಸಿದಳು. ಹುರಿದಳು. ಏನು ಬದಲು ಮಾಡುತ್ತಾರೆ ಎಂದು ಯೋಚಿಸಿದಳು. ಅಂಕಿತಾ ಕೂತು ನೋಡಿ ಎಲ್ಲ ಸರಿಯಿದೆ ಎಂದಿದ್ದಳಲ್ಲ. ಆವತ್ತು ನಿತ್ಯಾನಂದನೇ ಮಗಳ ಹೆಲ್ಮೆಟ್ಟಿಗೂ ತಲೆಯ ಮೇಲಿನ ಪೈಪಿಗೂ ನಡುವೆ ಕೈ ತೂರಿಸಿ, "ನಾಲ್ಕು ಬೆರಳು! ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ," ಎಂದು ಬೀಗಿದ್ದ. ಬೇಕಿದ್ದದ್ದು ಅಷ್ಟೇ ಅಂತರ. ಅಂಕಿತಾ ಒಳಗಿನಿಂದ ಹಾರ್ನ್ ಒತ್ತುವವಳಂತೆ ಪೋಂ ಪೋಂ ಎಂದು ಬಾಯಲ್ಲೇ ಸದ್ದು ಮಾಡಿದ್ದಳು.

ಮರಳು ಸೌಟಿನಿಂದ ಸರಾಗವಾಗಿ ಇಳಿಯತೊಡಗಿದ ಮೇಲೆ ಉರಿ ತಗ್ಗಿಸಿ, ಚಾ ಮಾಡಿಕೊಂಡು ಅಂಗಡಿಗೆ ಹೋದಳು.

ಸೀಟಿನಲ್ಲಿ ವಿನಾಯಕ ಕೂತಿದ್ದ. ಆರಡಿಯ ಹುಡುಗ, ಗಿಡ್ಡ ಬಾಗಿಲ ಮನೆಗೆ ನುಗ್ಗುವವನಂತೆ ಕುತ್ತಿಗೆ ಬಗ್ಗಿಸಿಕೊಂಡಿದ್ದ. ಅಂಕಿತಾಳ ಕೆಂಪು ಹೆಲ್ಮೆಟ್ಟು ಅವನ ತಲೆಗೆ ಇಳಿಯದೆ ಹಣೆಯ ಮೇಲೆಯೇ ನಿಂತಿತ್ತು. ಅಘನಾಶಿನಿಯಿಂದ ಬರುವ ದಾಸ, ದೋಣಿಗಳ ಕಬ್ಬಿಣದ ಕೆಲಸ ಮಾಡುವವನು, ಪಂಜರದ ದೊಡ್ಡ ಕಮಾನಿನ ಎರಡೂ ಕಾಲಿಗೆ ಚಾಕ್‌ಪೀಸಿನಿಂದ ಗೆರೆ ಎಳೆಯುತ್ತಿದ್ದ. ಕತ್ತರಿಸುವ ಗ್ರೈಂಡರು ನೆಲದ ಮೇಲಿತ್ತು.

"ತಲೆ ತಾಗ್ತದೆ ಚಿಕ್ಕಿ," ಎಂದು ವಿನಾಯಕ ನಕ್ಕ.

"ನಿನ್ನ ತಲೆ ಅಲ್ಲಿಗೆ ಎಂತಕ್ಕೆ ಹೋತು?"

ವಿನಾಯಕನ ನಗು ಅಲ್ಲೇ ನಿಂತಿತು. ಅವನು ಚಿಕ್ಕಪ್ಪನ ಮುಖ ನೋಡಿದ. "ಅಕ್ಕ, ಚಾ ಆರಿ ಹೋಗ್ತದೆ," ಎಂದು ದಾಸ ತನ್ನ ಲೋಟ ತೆಗೆದುಕೊಂಡು ರಸ್ತೆಗೆ ಮುಖ ಮಾಡಿ ನಿಂತ.

"ಈ ಸಲ ಗಾಡಿ ಇವ ಹೊಡಿತಾನೆ," ಎಂದ ನಿತ್ಯಾನಂದ, ಯಾವುದೋ ಗೇಟಿನ ಅಳತೆ ಹೇಳುವವನ ಹಾಗೆ. "ಕಮಾನು ಎತ್ತರ ಮಾಡಬೇಕು. ಹಳೇದು ತೆಗೆದು ಹೊಸಾದು ಬಗ್ಗಿಸೂದು."

"ಅಂಕಿತಾ?"

"ಹೊನ್ನಾವರದವ್ರು ನೋಡ್ಕಂಡು ಹೋಗಿ ಎಷ್ಟು ದಿನ ಆತು? ಮಾತು ನಡೀತಾ ಇರೂವಾಗ..."

"ಅವ್ರು ಎಂತಾರು ಹೇಳಿದ್ರಾ?"

"ಇಲ್ಲ."

"ಫೋನ್ ಮಾಡಿದ್ರಾ? ಯಾರ ಕೂಡಾದ್ರೂ ಹೇಳಿ ಕಳ್ಸಿದ್ರಾ?"

"ಇಲ್ಲ ಅಂದ್ನಲ್ಲ ಮಾರಾಯ್ತಿ. ಅವ್ರ ಬಾಯಲ್ಲಿ ನಾವು ಹೇಳಿಸ್ಕಣಬಾರ್ದು. ಹೇಳೂಕೆ ಮೊದ್ಲೇ ತಿಳ್ಕಣಬೇಕು. ಮರ್ಯಾದಿ ಅಂದ್ರೆ ಅದು."

"ಆ ಹುಡ್ಗ ನಮ್ಮನೆ ಶೋಕೇಸಿನ ಕಪ್ ಕೈಯಲ್ಲಿ ಹಿಡ್ಕಂಡು ಫೋಟೋ ತೆಗೆಸ್ಕಂಡು ಹೋದ. ಇಂಜಿನ್ ಎಷ್ಟು ಸಿಸಿ ಅಂತ ಅವಳ ಹತ್ರ ಕೇಳ್ದ. ನೀವೇ ಅಲ್ದಾ ನಕ್ಕಂಡು ನಿಂತಿದ್ದು?"

"ಅದು ಹುಡ್ಗ. ಮನೆ ಅಂದ್ರೆ ಹುಡ್ಗ ಒಬ್ನೇ ಅಲ್ಲ. ಅವನ ಅಬ್ಬೆ ಅದೆ, ಅತ್ತೆ ಅದೆ, ನಾಳೆ ಗಾಡಿ ಮಗುಚಿ ಇವಳ ಕೈಕಾಲು..."

"ಮಗುಚಿದ್ರೆ ಅಂತ್ಲೇ ಅಲ್ದಾ ಈ ಪಂಜರ ಮಾಡಿದ್ದು?"

ನಿತ್ಯಾನಂದ ಚಾ ಲೋಟಕ್ಕೆ ಕೈ ಹಾಕಿದ. ಹೋದ ವರ್ಷ ಹಳೆಯ ಜೀಪಿನಲ್ಲಿ ಮಗಳು ಹೆಂಗಸರ ರೇಸು ಗೆದ್ದಾಗ ಇದೇ ಮನುಷ್ಯ ಆ ಕಪ್ಪನ್ನು ಬೈಕಿನ ಟ್ಯಾಂಕಿನ ಮೇಲಿಟ್ಟುಕೊಂಡು ಮೀನು ಮಾರ್ಕೆಟ್ಟಿಗೂ ಹೋಗಿಬಂದಿದ್ದ. ಅವಳಿಗೆ ಕ್ಲಚ್ಚು ಬಿಡಲು ಕಲಿಸಿದವನೂ ಅವನೇ. ಅದನ್ನು ನೆನೆದಾಗ ಮೂಕಾಂಬಿಕಾಗೆ ಸಿಟ್ಟು ಇಳಿಯುವ ಬದಲು ಏರಿತು. ಮಗಳಿಗೆ ಮೊದಲಿನಿಂದಲೂ ಏನನ್ನೂ ಕೊಡದೇ ಇದ್ದವನ ಮೇಲೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

"ಅದು ನನ್ನಪ್ಪನ ಗಾಡಿ," ಎಂದಳು.

"ಹೌದು. ಅಲ್ಲ ಅಂದ್ರು ಯಾರು? ಗಾಡಿ ಎಲ್ಲಿಗೂ ಹೋಗ್ಲಿಲ್ಲ, ಇಲ್ಲೇ ಅದೆ."

"ಅಂಕಿತಂಗೆ ಗೊತ್ತಾ?"

"ಗೊತ್ತು. ಬೆಳಿಗ್ಗೆ ಬಸ್‌ಸ್ಟಾಪಿಗೆ ಬಿಡೂಕೆ ಹೋದಾಗ ಹೇಳ್ದೆ. ಆತು ಅಂದ್ಲು. ಅವಳಿಗೇ ಬೇಜಾರಿಲ್ಲ, ನಿಂಗೆಂತ?"

ಮೂಕಾಂಬಿಕಾ ಖಾಲಿ ಲೋಟಗಳನ್ನು ಎತ್ತಿಕೊಳ್ಳದೆ ಹಿತ್ತಲಿಗೆ ಬಂದಳು.

ಸೌದೆಯ ಮೇಲಿನ ಹಳದಿ ತಗಡು ಅದೇ ಅಂಬಾಸಡರಿನ ಮಾಡು. ಅಪ್ಪ ವೆಂಕಟ್ರಮಣ ಭಟ್ಕಳದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ಶಾಲೆಗೆ ಹೋಗುವ ಮೊದಲು ಅದನ್ನು ತೊಳೆಯುವುದು ಅವಳ ಕೆಲಸ. ಚಕ್ರದ ನಟ್ಟುಗಳ ಸಂದಿನ ಕೆಸರನ್ನು ತೆಂಗಿನ ಗರಿಯ ಕಡ್ಡಿಯಿಂದ ತೆಗೆಯುತ್ತಿದ್ದಳು. ತಮ್ಮ ದಿನಕರನಿಗೆ ಮೀಸೆ ಚಿಗುರುವ ಮೊದಲೇ ಅಪ್ಪ ಅವನನ್ನು ನೀರಿಳಿದ ಕಡಲತೀರಕ್ಕೆ ಕರೆದುಕೊಂಡು ಹೋಗಿ ಗಾಡಿ ಕಲಿಸಿದ. ಅವಳೂ ಹೋಗಿದ್ದಳು. ನಾನೂ ಒಂದು ಸಲ ಹಿಡಿಯಲಾ ಎಂದಾಗ ಅಪ್ಪ ಗದರಲಿಲ್ಲ, ನಗುತ್ತಲೇ, "ನೀ ಹಿಂದೆ ಕೂತ್ಕ ಮಗ, ನಿನ್ನ ಯಾರಾದ್ರೂ ಕೂರಿಸ್ಕಂಡೇ ಹೋಗ್ತ್ರು," ಎಂದ. ಆತು ಎಂದು ಅವಳು ಹಿಂದೆ ಕೂತಳು. ಹಿಂದಿನ ಗಾಜಿನಲ್ಲಿ ತಮ್ಮ ಓಡಿಸಿದ ಗಾಡಿಯ ಚಕ್ರದ ಗುರುತು ಹಸಿ ಮರಳಿನ ಮೇಲೆ ಉದ್ದಕ್ಕೆ ಬಿಡಿಸಿಕೊಳ್ಳುತ್ತ ಹೋಗುವುದನ್ನು ನೋಡಿದಳು. ಅಪ್ಪ ಸತ್ತ ಮೇಲೆ ದಿನಕರ, ಗುಜರಿಗೆ ಹಾಕು ಎಂದ. ಅವಳು ಅದನ್ನು ಲಾರಿಗೆ ಕಟ್ಟಿಸಿ ಎಳೆತಂದು ತನ್ನ ಅಂಗಳದಲ್ಲಿ ನಿಲ್ಲಿಸಿಕೊಂಡಳು. ಅದರ ಮಾಡು ಕೊಯ್ಯುವ ದಿನ ನಿತ್ಯಾನಂದ ಕೇಳಿದ್ದ, ನಿಂಗೆ ಬೇಜಾರಿಲ್ವಲ್ಲ? ಅಂಕಿತಂಗೆ ಅಂದ್ರೆ ಬೇಜಾರಿಲ್ಲ ಎಂದಿದ್ದಳು ಅವಳು. ಅಂಕಿತಂಗೆ ಎಂಬ ಮೊದಲ ಮಾತನ್ನು ಅವನು ಕೇಳಿಸಿಕೊಂಡಿರಲೇ ಇಲ್ಲವೇನೋ.

ಹೊನ್ನಾವರದ ಸೊಸೈಟಿಯಲ್ಲಿ ಕೆಲಸದಲ್ಲಿದ್ದ ಮಗಳಿಗೆ ಫೋನ್ ಮಾಡಿದಳು.

"ಹೌದಮ್ಮ. ಅಪ್ಪ ಕೇಳಿದ್ರು," ಎಂದಳು ಅಂಕಿತಾ. ಹಿಂದೆ ನೋಟು ಎಣಿಸುವ ಯಂತ್ರದ ಸದ್ದು.

"ಕೇಳಿದ್ರಾ, ಹೇಳಿದ್ರಾ?"

"ಅವ್ರಿಗೆ ಎರಡೂ ಒಂದೇ ಅಲ್ದಾ?"

"ನೀ ಎಂತಕ್ಕೆ ಆತು ಅಂದಿ?"

"ಬೈಕಿನ ಹಿಂದೆ ಕೂತ್ಕಂಡು ಇನ್ನೆಂತ ಹೇಳೂದು? ಅಷ್ಟರಲ್ಲಿ ಬಸ್ ಬಂತು."

"ಸಿಟ್ಟು ಬರ್ಲಿಲ್ವ ನಿಂಗೆ?"

"ಬಂತು," ಎಂದಳು ಅಂಕಿತಾ. "ಎಲ್ಲಿ ಇಡೂದು ಅದ್ನ? ಬಸ್ಸಲ್ಲಿ ಕಾಲಿಡೂಕೂ ಜಾಗ ಇರ್ಲಿಲ್ಲ." ದನಿ ತಗ್ಗಿಸಿದಳು. "ಬಿಡು ಅಮ್ಮ. ಕೌಂಟರಲ್ಲಿ ಜನ ಅದೆ. ಇಡ್ತೆ."

ಮೂಕಾಂಬಿಕಾ ಫೋನನ್ನು ಬಾವಿಕಟ್ಟೆಯ ಮೇಲಿಟ್ಟಳು. ಮಗಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಜಗಳ ಮಾಡಿದ್ದರೆ ಪರ ವಹಿಸಬಹುದಿತ್ತು. ಆ ಬಿಡು ಎಂಬ ಮಾತು ಮಾತ್ರ ಅವಳ ಎದೆಗೆ ನಾಟಿತು. ಇಪ್ಪತ್ತೆರಡಕ್ಕೇ ಇಷ್ಟು ಚೆನ್ನಾಗಿ ಬಿಡಲು ಇವಳಿಗೆ ಕಲಿಸಿದವರು ಯಾರು? ಹಟ ಮಾಡಿದಾಗೆಲ್ಲ, ಹೋಗಲಿ ಬಿಡು, ಅಪ್ಪನಿಗೆ ಸಿಟ್ಟು ಬರ್ತದೆ ಎಂದು ಜಡೆ ಹೆಣೆಯುತ್ತ ಹೇಳಿದ್ದು ಯಾವ ಬಾಯಿ?

ಬಾಣಲೆಯ ಮರಳು ಬಿಸಿಯಾಗಿ, ನಯವಾಗಿ, ಯಾರಿಗೆ ಬೇಕಾದರೂ ಒಗ್ಗಲು ತಯಾರಾಗಿ ಕೂತಿತ್ತು. ಅವಳು ಬಾವಿಯ ಕೊಡಪಾನದಿಂದ ಒಂದು ತಂಬಿಗೆ ನೀರು ಮೊಗೆದಳು. ಒಂದು ಗುಟುಕಿನಷ್ಟು ನೀರು ನಡುವೆ ಹೊಯ್ದು, ಮೇಲಿನ ಒಣಮರಳು ಎಳೆದು ಮುಚ್ಚಿದರೆ ಸಾಕು. ಯಾರಿಗೂ ತಿಳಿಯುವುದಿಲ್ಲ. ಅವಳು ಹುರಿದ ಮರಳನ್ನು ಅವರು ಮುಟ್ಟಿ ನೋಡುವವರೂ ಅಲ್ಲ. ತುಂಬುತ್ತಾರೆ, ಬೆಣೆ ಹೊಡೆಯುತ್ತಾರೆ, ಬೆಂಕಿ ಹಿಡಿಯುತ್ತಾರೆ. ಈ ಸಲ ಹಂಚು ಒಡೆಯುವುದಿಲ್ಲ. ಪೈಪಿನ ಬಾಯಿಯ ಎದುರು ಯಾವನೋ ಒಬ್ಬ ನಿಂತಿರುತ್ತಾನೆ.

ತಂಬಿಗೆ ಹಿಡಿದ ಕೈ ಬಾಣಲೆಯ ಮೇಲೆ ಹೋಗಿ ನಿಂತಿತು. ಆ ಕೈ ತನ್ನದೇ ಎಂಬುದನ್ನು ಅವಳು ಬಹಳ ಹೊತ್ತು ನೋಡಿದಳು. ಮೀನಿನ ರಕ್ತ ಇನ್ನೂ ಉಗುರಿನ ಸಂದಿನಲ್ಲಿತ್ತು. ಆಮೇಲೆ ಬಗ್ಗಿ ಆ ನೀರನ್ನು ಒಲೆಯ ಬಾಯಿಗೆ ಸುರಿದಳು. ಬೆಂಕಿ ಬುಸ್ಸೆಂದು ಸತ್ತಿತು. ಬೂದಿ ಹಾರಿ ಅವಳ ಮ್ಯಾಕ್ಸಿಯ ಮೇಲೆಲ್ಲ ಕೂತಿತು.

ಅವಳು ಅಂಗಡಿಗೆ ಹೋದಾಗ ವಿನಾಯಕ ಇಳಿದು ಗಾಡಿಗೆ ಒರಗಿ ನಿಂತಿದ್ದ. ದಾಸ ಗ್ರೈಂಡರಿಗೆ ಹೊಸ ಬ್ಲೇಡು ಹಾಕುತ್ತಿದ್ದ.

"ಆತಾ?" ಎಂದ ನಿತ್ಯಾನಂದ.

ಅವಳು ಮ್ಯಾಕ್ಸಿಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು, ಬಾಗಿಲಿದ್ದ ಜಾಗದ ಅಡ್ಡಪೈಪಿನ ಮೇಲೆ ಒಂದು ಕಾಲು ಹಾಕಿದಳು. ಮಂಡಿ ಕಟಕ್ಕೆಂದಿತು. ಇನ್ನೊಂದು ಕಾಲು ಎಳೆದುಕೊಂಡು ಸೀಟಿಗೆ ಕುಸಿದಳು. ವಿನಾಯಕ ಬಿಟ್ಟುಹೋಗಿದ್ದ ಹೆಲ್ಮೆಟ್ಟು ತೆಗೆದು ತಲೆಗೆ ಒತ್ತಿಕೊಂಡಳು. ಕಿವಿ ಮಡಚಿ ನೋಯಿತು, ಆಮೇಲೆ ಸರಿಯಾಗಿ ಕೂತಿತು. ಎರಡು ಹೆಗಲ ಪಟ್ಟಿ, ಎರಡು ಸೊಂಟದ ಪಟ್ಟಿ, ಕೆಳಗಿನದೊಂದು. ಮಗಳು ಹಾಕಿಕೊಳ್ಳುವುದನ್ನು ನೋಡಿದ್ದಳು. ಎಲ್ಲವನ್ನೂ ಹೊಟ್ಟೆಯ ಮೇಲಿನ ಬಕಲ್ಲಿಗೆ ಸಿಕ್ಕಿಸಿದಳು.

"ಹಾಂ, ಕತ್ತರ್ಸಿ ಈಗ," ಎಂದಳು.

"ಎಂತ ನಾಟಕ ಇದು? ಇಳಿ."

"ಕತ್ತರ್ಸಿ ಅಂದೆ. ಗೆರೆ ಎಳೆದದ್ದು ಅದ್ಯಲ್ಲ? ನನ್ನ ಕಿವಿ ಹತ್ರವೇ ಬರ್ತದೆ. ಕತ್ತರ್ಸಿ."

"ದಾಸ, ನೀ ಹೇಳು ಮಾರಾಯ ಇವಳಿಗೆ."

"ನಾ ಎಂತ ಹೇಳೂದು ನಿತ್ಯಣ್ಣ? ನಾ ಪೈಪ್ ಕತ್ತರಿಸೂ ಮನುಷ್ಯ," ಎಂದ ದಾಸ. ಬ್ಲೇಡನ್ನು ಮತ್ತೆ ಬಿಚ್ಚತೊಡಗಿದ. "ಅಕ್ಕ, ಒಳಗೆ ಬಂಗುಡೆ ಮುಚ್ಚಿಟ್ಟು ಬಂದಿರಾ? ಬೆಕ್ಕು ತಿರಗ್ತಾ ಇತ್ತು."

"ತಿನ್ಲಿ. ಅದಾದ್ರೂ ಕೇಳದೇ ತಿಂತದೆ, ಆಮೇಲೆ ನನ್ನ ಹತ್ರ ಆತು ಅಂತ ಹೇಳಿಸೂದಿಲ್ಲ."

ಬೇಲಿಯ ಮೇಲೆ ಹೊನ್ನಿಯ ತಲೆ ಮೂಡಿತು. "ಮೂಕಾಂಬಿಕಾ! ಎಲ್ಲಿಗೆ ಹೊರಟಿ ಮಾರಾಯ್ತಿ, ಅಷ್ಟು ಗಟ್ಟಿ ಕಟ್ಕಂಡು?"

"ಕುಮಟೆಗೆ!"

"ಬರೂವಾಗ ನಂಗೊಂದು ಸೀರೆ ತಕಂಡು ಬಾ!" ಎಂದು ನಕ್ಕವಳು ನಿತ್ಯಾನಂದನ ಮುಖ ನೋಡಿ ತಲೆ ಕೆಳಗಿಳಿಸಿದಳು. ಆದರೆ ಬೇಲಿಯ ಬುಡದಿಂದ ಹೋಗಲಿಲ್ಲ. ಅವಳ ಕೆಮ್ಮು ಕೇಳುತ್ತಲೇ ಇತ್ತು.

ನಿತ್ಯಾನಂದ ಬೈದ. ಆಮೇಲೆ ದನಿ ಇಳಿಸಿ, ಮರ್ಯಾದೆ ತೆಗೀಬೇಡ ಎಂದ. ಆಮೇಲೆ, "ನಂಗೇನು ಖುಷಿಯಾ ಇದು? ಅವಳ ಒಳ್ಳೇದಕ್ಕೆ ಅಲ್ದಾ?" ಎಂದ. ಕೊನೆಯದನ್ನು ಹೇಳುವಾಗ ಅವನ ಕಣ್ಣು ತೇವವಾದಂತೆ ಕಂಡಿತು. ಹೆಲ್ಮೆಟ್ಟಿನೊಳಗೆ ಅವಳಿಗೆ ತನ್ನ ಉಸಿರೇ ದೊಡ್ಡದಾಗಿ ಕೇಳುತ್ತಿತ್ತು. ಅದರಲ್ಲಿ ಮಗಳ ತಲೆಯ ಎಣ್ಣೆಯ ವಾಸನೆ ಇತ್ತು. ಅಪ್ಪನ ಸ್ಟೇರಿಂಗ್ ಚಕ್ರವನ್ನು ಬದಲಿಸಿರಲಿಲ್ಲ. ಎಷ್ಟೋ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸಿದ ಆ ಚಕ್ರವನ್ನು ಅವಳು ಕೂತು ಹಿಡಿದದ್ದು ಇದೇ ಮೊದಲು. ಎರಡೂ ಕೈಯಿಂದ ಹಿಡಿದಳು. ಬಿಡಲಿಲ್ಲ.

ನಿತ್ಯಾನಂದ ಒಳಗೆ ಹೋಗಿ ತಾನೇ ಬಡಿಸಿಕೊಂಡು ಉಂಡ ಸದ್ದು ಕೇಳಿತು. ವಿನಾಯಕ ಒಂದು ಲೋಟ ನೀರು ತಂದು ಹಿಡಿದ. "ನಾ ಕೇಳ್ಲಿಲ್ಲ ಚಿಕ್ಕಿ. ಚಿಕ್ಕಪ್ಪನೇ ಕರೆದ್ರು," ಎಂದ ಮೆಲ್ಲಗೆ.

"ಕರೆದ್ರೆ ಬಂದ್ಯಲ್ಲ."

ಹುಡುಗ ಲೋಟ ಹಿಡಿದುಕೊಂಡೇ ನಿಂತ. ಸ್ವಲ್ಪ ಹೊತ್ತಿನ ಮೇಲೆ ಅವಳು ನೀರು ಕುಡಿದಳು. ಅವನು ಅಂಗಡಿಯ ಹೊರಗೆ ಹೋಗಿ ದಾಸನ ಪಕ್ಕ ಕೂತ. ಯಾರೂ ಮನೆಗೆ ಹೋಗಲಿಲ್ಲ, ಯಾರೂ ಕೆಲಸ ಮಾಡಲಿಲ್ಲ. ಹೆದ್ದಾರಿಯಲ್ಲಿ ಮೀನಿನ ಲಾರಿಗಳು ನೀರು ಸೋರಿಸುತ್ತ ಹೋದವು. ಒಂದೆರಡು ಬೈಕುಗಳು ನಿಧಾನ ಮಾಡಿ, ಬೋಳುಗಾಡಿಯಲ್ಲಿ ಹೆಲ್ಮೆಟ್ಟು ಹಾಕಿ ಕೂತ ಮ್ಯಾಕ್ಸಿಯ ಹೆಂಗಸನ್ನು ನೋಡಿ ಮುಂದೆ ಹೋದವು. ನೋಡಲಿ ಎಂದುಕೊಂಡಳು. ಸೊಂಟ ಮರಗಟ್ಟಿತ್ತು. ಸಿಟ್ಟು ಮರಗಟ್ಟಿರಲಿಲ್ಲ.

ಶನಿವಾರವಾದ್ದರಿಂದ ಅಂಕಿತಾ ಮಧ್ಯಾಹ್ನದ ಬಸ್ಸಿಗೇ ಬಂದಳು. ರಸ್ತೆ ದಾಟಿ, ಅಂಗಡಿಯ ಎದುರು ಬಂದವಳು ಅಲ್ಲೇ ನಿಂತಳು.

"ನೋಡು ನಿನ್ನ ಅಮ್ಮನ," ಎಂದ ನಿತ್ಯಾನಂದ ಬಾಗಿಲಿಗೆ ಬಂದು. "ಆತು ಅಂದವಳು ನೀನು ಅಲ್ದಾ? ಹೇಳು ಅವಳಿಗೆ. ಇಳಿಯೂಕೆ ಹೇಳು."

ಮೂಕಾಂಬಿಕಾ ತಿರುಗಿ ನೋಡಲಿಲ್ಲ. ತಿರುಗಲು ಪಟ್ಟಿ ಬಿಡುತ್ತಿರಲಿಲ್ಲ. ಮಗಳು ಬಿಡು ಅಮ್ಮ ಎಂದರೆ ಇಳಿಯಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಣ್ಣು ಮುಂದಿನ ಬರಿಯ ಇಂಜಿನ್ನಿನ ಮೇಲೆಯೇ ಇತ್ತು.

ಅಂಕಿತಾ ಬ್ಯಾಗನ್ನು ಗ್ರೈಂಡರಿನ ಪಕ್ಕ ನೆಲಕ್ಕಿಟ್ಟಳು. ಕಮಾನಿನ ಕಾಲಿನ ಮೇಲಿದ್ದ ಬಿಳಿಯ ಗೆರೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಹತ್ತಿರ ಬಂದು ಬಲಗೈ ಎತ್ತಿ, ಹೆಲ್ಮೆಟ್ಟಿಗೂ ಪೈಪಿಗೂ ನಡುವೆ ಬೆರಳುಗಳನ್ನು ಒಟ್ಟಿಗೆ ಹಿಡಿದು ತೂರಿಸಿದಳು. ನಾಲ್ಕು ಬೆರಳು ಹೋಗಿ ಸರಿಯಾಗಿ ನಿಂತವು.

"ಬೆಲ್ಟ್ ಸಡಿಲ ಅದೆ," ಎಂದಳು.

ಎಡಗೈಯಿಂದ ತಾಯಿಯ ಹೆಗಲ ಮೇಲಿನ ಪಟ್ಟಿ ಹಿಡಿದು ಎಳೆದು ಬಿಗಿ ಮಾಡಿದಳು. ಬಲಗೈಯನ್ನು ಅಲ್ಲಿಂದ ತೆಗೆಯಲಿಲ್ಲ.

ಹಿತ್ತಲಿನ ಒಲೆಯ ಮೇಲೆ ಮರಳು ಆರಿತ್ತು. ಹೊನ್ನಿಯ ಮನೆಯ ಕೋಳಿಯೊಂದು ಬಾಣಲೆಗೆ ಹತ್ತಿ, ಕಾಲಿನಿಂದ ಕೆದರಿ, ರೆಕ್ಕೆ ಅಗಲಿಸಿ ಕೂತಿತು.